ಅರವತ್ತರ ಕ್ಯಾಸೆಟ್ಟು, ಒಂದೇ ಮಗ್ಗುಲು

ಹಡಗಿನಿಂದಿಳಿದ ಆರ್ಮಿಂದು ಮೊದಲು ಹುಡುಕುವುದು
ಹೆಂಡದಂಗಡಿಯನ್ನಲ್ಲ, ನನ್ನನ್ನು.
ಕೋಟಿನ ಒಳಜೇಬಿಂದ ತೆಗೆಯುತ್ತಾನೆ,
ಮೂರು ವಾರ ಎಂಜಿನ್ನೆಣ್ಣೆಯ ವಾಸನೆ ಕುಡಿದ ಕ್ಯಾಸೆಟ್ಟು.
ಮೇಲೆ ತಮ್ಮ ಜೆಜೆಯ ಸೊಟ್ಟ ಅಕ್ಷರ:
ಝುಲ್ಮೀರಾ, ರಾಟರ್‌ಡಾಮ್.
ಅಷ್ಟೇ ವಿಳಾಸ.

ನರ್ಸಿಂಗ್ ಹಾಸ್ಟೆಲಿನ ಮೂರನೇ ಮಹಡಿ. ಬಾಗಿಲು ಹಾಕಿ ಗುಂಡಿ ಒತ್ತಿದರೆ
ಫೋಗು ದ್ವೀಪದ ಗಾಳಿ ಮೊದಲು, ಆಮೇಲೆ ಅಮ್ಮ.
ಮೇಕೆ ಬೂದಿಗುಂಡಿಗೆ ಬಿದ್ದು ಎದ್ದು ಬಂತಂತೆ,
ಸೀಮೆಣ್ಣೆ ತುಟ್ಟಿಯಂತೆ,
ಕರಿಮಣ್ಣಲ್ಲಿ ದ್ರಾಕ್ಷಿಬಳ್ಳಿ ಚಿಗುರಿತಂತೆ, 'ಹುಶ್! ಹುಶ್!'
ಅದು ನನಗಲ್ಲ, ಕೋಳಿಗೆ.
ಪಕ್ಕದ ಕೋಣೆಯ ಹನೆಕೆ ಇಣುಕಿ ಕೇಳುತ್ತಾಳೆ:
'ಮನೆಯಲ್ಲೇನು ಜಗಳ?'
'ಜಗಳವಲ್ಲ, ಕ್ಷೇಮಸಮಾಚಾರ.'

ಆಚೆ ಮಗ್ಗುಲು ಅಣ್ಣನದು, ಪೂರಾ ಹಾಡು, ಮುಟ್ಟಿದರೆ ಕೈ ಮುರಿದಾನು.
ಉಳಿದದ್ದು ಈಚೆಯ ಮೂವತ್ತು ನಿಮಿಷ.
ಉತ್ತರ ಕೊಡಬೇಕಾದರೆ
ಅಮ್ಮನ ಮೇಲೆಯೇ ಮಾತಾಡಬೇಕು ನಾನು.
ಅವಳು ನನ್ನ ಮೇಲೆ.
ಎಂಜಲು ಹಚ್ಚಿ ಒರೆಸಿ ಬರೆವ ಸ್ಲೇಟಿನಂತೆ
ನಾಲ್ಕು ವರ್ಷ ಒಬ್ಬರನ್ನೊಬ್ಬರು ಅಳಿಸುತ್ತಲೇ
ಕ್ಷೇಮ ಎಂದೆವು.

ಆ ಫೆಬ್ರವರಿ ಅಮ್ಮನ ಬ್ಯಾಟರಿ ಸೋತಿತ್ತು.
ಅಲ್ಲಿ ನಿಧಾನ ತಿರುಗಿದ ಸುರುಳಿ ಇಲ್ಲಿ ಓಡಿ
ದನಿ ಏರಿ ಏರಿ, ತೆಳ್ಳಗಾಗಿ,
ನನಗಿಂತ ಚಿಕ್ಕವಳಾದಳು ಅಮ್ಮ.
ಹತ್ತೊಂಬತ್ತನೇ ನಿಮಿಷಕ್ಕೆ 'ಟಕ್'.
ನಿಲ್ಲಿಸಲು ಏಳಬೇಕಿತ್ತು. ಕಾಲಲ್ಲಿ ಉಣ್ಣೆಯ ಚೀಲ, ಮೈಯಲ್ಲಿ ರಾತ್ರಿಪಾಳಿಯ ದಣಿವು,
ಏಳಲಿಲ್ಲ.

'ಟೋಪಿ ಹಾಕಿಕೋ. ಅಲ್ಲಿಯ ಗಾಳಿ ಕೆಟ್ಟದಂತೆ.
ಮತ್ತೇನು... ಮುಗಿಯಿತು ನನ್ನದು.
ಜೆಜೆ, ಇದನ್ನು ನಿಲ್ಲಿಸುವುದು ಹೇಗೋ? ಜೆಜೆ?'

ಅಜ್ಜ.
ಅಕ್ಟೋಬರಿನಲ್ಲಿ ಮಣ್ಣು ಮಾಡಿದ ಅಜ್ಜ,
ಅದಕ್ಕೂ ಹಿಂದಿನ ವರುಷದಿಂದ.
ಆಮೇಲೆ ನಾವ್ಯಾರೂ ಅಷ್ಟು ದೂರ ಮಾತಾಡಿರಲಿಲ್ಲ,
ಹಾಗೆ ಉಳಿದಿದ್ದ.
ಆಗ ಕೇಳಿದ್ದೆನೆ? ನೆನಪಿಲ್ಲ. ಪರೀಕ್ಷೆ ಇತ್ತು.
ಅಮ್ಮನದಾದೊಡನೆ ನಿಲ್ಲಿಸಿರಬೇಕು.

ಜೆಜೆ ಬರಲಿಲ್ಲ. ಕುರ್ಚಿ ಎಳೆದ ಸದ್ದು, ಕೆಮ್ಮು.
ಯಂತ್ರ ನಿಂತಿತೆಂದು ನಂಬಿ
ತನ್ನಷ್ಟಕ್ಕೆ ಕುಳಿತ ಮುದುಕನ ಉಸಿರು
ಹತ್ತು ನಿಮಿಷ, ಸುರುಳಿ ತೀರುವ ತನಕ.
ಎಲ್ಲೋ ಜೋಳ ಕುದಿಯುತ್ತಿತ್ತು.

ನನ್ನ ಸರದಿ ಬಂದಾಗ ಗಡಿಯಾರ ಎದುರಿಟ್ಟುಕೊಂಡೆ.
ಹದಿನೆಂಟಕ್ಕೆ ಕೈ ಎತ್ತಿದೆ.
ವಾರ್ಡಿನಲ್ಲೊಬ್ಬ ಮುದುಕಿ ನನ್ನನ್ನು ತನ್ನ ಮಗಳ ಹೆಸರಿಂದ ಕರೆದು
ಕೈಬಿಡದೆಯೇ ಸತ್ತದ್ದು
ಹೇಳಬೇಕಿತ್ತು. ಜಾಗ ಇರಲಿಲ್ಲ.
ಇತ್ತು, ಆದರೆ ಅಲ್ಲಿ ಅಜ್ಜ ಕುಳಿತಿದ್ದ.
ಆರ್ಮಿಂದುವಿನ ಕೈಯಲ್ಲಿ ಅದನ್ನಿಟ್ಟು
ಜೊತೆಗೆ ಎರಡು ಹೊಸವನ್ನೂ ಇಟ್ಟೆ,
ಹೊದಿಕೆ ಬಿಚ್ಚದವು, ಗಿಲ್ಡರು ಎಣಿಸಿ ಕೊಂಡವು.

ಜೂನಿನಲ್ಲಿ ಬಂದದ್ದು ಹಳೆಯದೇ.
'ಏನೇ, ಇಷ್ಟು ಬೇಗ ಮುಗಿಯಿತೆ ನಮ್ಮೊಡನೆ ನಿನ್ನ ಮಾತು?'
ಸಿಟ್ಟು. ಮೇಕೆ ಈದದ್ದು. ಜೆಜೆಗೆ ಮೀಸೆ ಬಂದದ್ದು.
ಆಮೇಲೆ ದನಿ ತಗ್ಗಿಸಿ, ಯಾರೋ ಮಲಗಿದ್ದಾರೆಂಬಂತೆ:
'ಹೊಸವು ಪೆಟ್ಟಿಗೆಯಲ್ಲಿವೆ. ಚೆಂದ ಹೊಳೆಯುತ್ತವೆ.
ಆದರೆ ಅದರೊಳಗೆ ಯಾರೂ ಇಲ್ಲವಲ್ಲ, ಮಗಳೇ.'

'ಟಕ್'.
ಗಡಿಯಾರ ನೋಡಿದೆ: ಹದಿನೇಳು.
ಬೇಕೆಂದೇ ಬಿಟ್ಟ ಒಂದು ನಿಮಿಷದಲ್ಲಿ ನನ್ನದೇ ಮಾತು,
ಇಲ್ಲಿ ಚಳಿ ಇಳಿದಿದೆ, ಊಟ ಸೇರುತ್ತದೆ ಎಂಬ ಸುಳ್ಳುಗಳು.
ಅದರಾಚೆ ಅಮ್ಮನ ಎಳೆಯ ದನಿಯ ಒಂದು ಚೂರು.
ಅದರಾಚೆ ಟೋಪಿ.

ಹನೆಕೆ ಬಾಗಿಲು ತಟ್ಟಿದಳು. ಸೈಕಲ್ಲು ಹೊರಗಿಟ್ಟಿದ್ದಾಳೆ, ಕೆಲಸಕ್ಕೆ ಹೊತ್ತಾಯಿತು.
'ಮುಗಿಯಿತೆ?'
ತಡೆ, ಎಂದೆ.
ಅಜ್ಜ ಇನ್ನೂ ಎದ್ದಿಲ್ಲ.